ಹಳೆಯ ಹಾಡಿಗೆ ಹಾಕಿದ ಗಂಟು

ಹೊಸ ಸಿನಿಮಾ ಹಾಡೊಂದನ್ನು ಕೇಳುತ್ತಿರುವಾಗ ನಡುವೆ ಎಲ್ಲಿಂದಲೋ ಹಳೆಯ ಹಾಡಿನ ತುಣುಕೊಂದು ತೇಲಿ ಬರುವುದು ಈಗ ಅಪರೂಪದ ಸಂಗತಿಯಲ್ಲ. ಕೆಲವು ಸಲ ಅದು ಹಳೆಯ ಧ್ವನಿಮುದ್ರಿಕೆಯಿಂದಲೇ ಕತ್ತರಿಸಿ ತಂದ ಚೂರಾಗಿರುತ್ತದೆ. ಕೆಲವು ಸಲ ಹಳೆಯ ರಾಗಕ್ಕೆ ಹೊಸ ತಾಳ ಕೂಡಿಸಿರುತ್ತಾರೆ. ಇನ್ನು ಕೆಲವು ಸಲ ಬರೀ ಒಂದು ಪದ, ಒಂದು ಚಿತ್ರ, ಒಂದು ವಸ್ತು ಹಳೆಯ ಹಾಡಿನಿಂದ ಎದ್ದು ಬಂದು ಹೊಸ ಹಾಡಿನಲ್ಲಿ ಕುಳಿತಿರುತ್ತದೆ. ಧ್ವನಿಮುದ್ರಿಕೆಯ ಚೂರನ್ನೇ ಬಳಸುವುದಕ್ಕೆ ಸಂಗೀತದವರು ಸ್ಯಾಂಪ್ಲಿಂಗ್ ಎಂದು ಹೆಸರಿಟ್ಟಿದ್ದಾರೆ. ಉಳಿದವು ರೀಮಿಕ್ಸ್, ರೀಮೇಕ್ ಮುಂತಾದ ಹೆಸರುಗಳಲ್ಲಿ ಓಡಾಡುತ್ತವೆ.

ಇಂಥ ಹಾಡು ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು, "ಸ್ವಂತದ್ದೇನೂ ಇಲ್ಲದವರು ಹಳೆಯದನ್ನು ಹಾಳು ಮಾಡುತ್ತಿದ್ದಾರೆ" ಎನ್ನುತ್ತಾರೆ. ಹುಡುಗರು, "ಹಳೆಯದನ್ನು ನಾವು ಗೌರವಿಸುತ್ತಿದ್ದೇವಲ್ಲ, ನಿಮಗೇಕೆ ಸಿಟ್ಟು?" ಎನ್ನುತ್ತಾರೆ. ಎರಡೂ ಮಾತು ಅವಸರದ್ದು. ಕದ್ದರೋ ಗೌರವಿಸಿದರೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹಳೆಯ ಹಾಡು ಒಳಗೆ ಬಂದ ಮೇಲೆ ಹೊಸ ಹಾಡಿನ ಅರ್ಥ ಬೆಳೆಯಿತೇ? ಬೆಳೆದಿದ್ದರೆ ಯಾವುದರಿಂದ ಬೆಳೆಯಿತು?

ಸ್ಯಾಂಪ್ಲಿಂಗ್ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕರಿಯರು ಮತ್ತು ವಲಸಿಗರು ಹೆಚ್ಚಾಗಿದ್ದ ಬಡ ಬಡಾವಣೆಗಳಿದ್ದವು. ಅಲ್ಲಿ 1973ರ ಆಗಸ್ಟ್ 11ರಂದು ನಡೆದ ಒಂದು ಪಾರ್ಟಿಯಲ್ಲಿ, ಜಮೈಕಾದಿಂದ ಬಂದು ನೆಲೆಸಿದ್ದ ಕೂಲ್ ಹರ್ಕ್ ಎಂಬ ಡಿ.ಜೆ. ಹಳೆಯ ರೆಕಾರ್ಡುಗಳಲ್ಲಿ ಡ್ರಮ್ ಮಾತ್ರ ನುಡಿಯುವ ತುಣುಕನ್ನು ಹಿಡಿದು ಮತ್ತೆ ಮತ್ತೆ ನುಡಿಸಿದ. ಹಿಪ್‌ಹಾಪ್ ಸಂಗೀತದ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ. ವಾದ್ಯ ಕೊಳ್ಳಲು ಹಣವಿಲ್ಲದವರಿಗೆ ಅಪ್ಪ ಅಮ್ಮನ ಕಾಲದ ರೆಕಾರ್ಡೇ ವಾದ್ಯವಾಯಿತು. ಈ ಕಥೆಗೆ ಇನ್ನೊಂದು ಮುಖವೂ ಇದೆ. ಜೇಮ್ಸ್ ಬ್ರೌನ್ ಹಾಡಿಗಾಗಿ 1969ರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ವಾದಕ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ ತುಣುಕು ಮುಂದೆ ನೂರಾರು ಹಾಡುಗಳಲ್ಲಿ ಬಳಕೆಯಾಯಿತು. 2017ರಲ್ಲಿ ತೀರಿಕೊಂಡ ಆ ವಾದಕನಿಗೆ ಅದರಿಂದ ಬರಬೇಕಾದ ಹಣ ಬರಲಿಲ್ಲ. ಬಡವರ ಜಾಣ್ಮೆಯೂ ಬಡವರಿಗಾದ ಅನ್ಯಾಯವೂ ಈ ಕಲೆಯಲ್ಲಿ ಮೊದಲಿನಿಂದಲೇ ಒಟ್ಟಿಗಿವೆ.

ಮಟ್ಟು, ತಜ್ಮೀನ್, ಗಿರಹ್

ಯಂತ್ರ ಹೊಸದಿರಬಹುದು, ಕೆಲಸ ನಮಗೆ ಹೊಸದಲ್ಲ. ಕನ್ನಡದ ಹಳೆಯ ಭಜನೆ ಪುಸ್ತಕಗಳನ್ನೋ ಕಂಪನಿ ನಾಟಕದ ಹಾಡಿನ ಪುಸ್ತಕಗಳನ್ನೋ ತೆರೆದು ನೋಡಿ. ಹಾಡಿನ ನೆತ್ತಿಯ ಮೇಲೆ 'ಮಟ್ಟು' ಅಥವಾ 'ಧಾಟಿ' ಎಂದು ಬರೆದು ಇನ್ನೊಂದು ಹಾಡಿನ ಹೆಸರು ಕೊಟ್ಟಿರುತ್ತಾರೆ. ಈ ಹಾಡನ್ನು ಆ ಹಾಡಿನಂತೆ ಹಾಡಿಕೊಳ್ಳಿ ಎಂದು ಅರ್ಥ. ಸ್ವರಲಿಪಿ ಬಾರದ ಓದುಗನಿಗೆ ಅದೊಂದು ಅನುಕೂಲ. ಜೊತೆಗೆ, ಸಾಲ ಎಲ್ಲಿಂದ ತಂದದ್ದೆಂದು ಮೊದಲೇ ಹೇಳಿಬಿಡುವ ಪ್ರಾಮಾಣಿಕತೆಯೂ ಅದರಲ್ಲಿದೆ. ಕೋಲಾರ ಜಿಲ್ಲೆಯ ದಲಿತ ಹೋರಾಟದ ಹಾಡುಗಳೂ ಇದೇ ದಾರಿ ಹಿಡಿದವು. ಗೊಲ್ಲಹಳ್ಳಿ ಶಿವಪ್ರಸಾದ್, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥವರ ಕಂಠದಲ್ಲಿ ಜನಪದ ಮಟ್ಟು ಕೇಳಿಬಂದಾಗ, ಕೂಲಿಯ ನೋವನ್ನು ಹೇಳುವ ಹೊಸ ಮಾತಿನ ಕೆಳಗೆ ಅದೇ ನೋವನ್ನು ಉಂಡ ಹಳೆಯ ತಲೆಮಾರಿನ ದನಿ ಕೇಳಿಸುತ್ತದೆ.

ಉರ್ದು ಕಾವ್ಯದಲ್ಲಿ ಇದಕ್ಕೆ ಇನ್ನೂ ಖಚಿತವಾದ ಹೆಸರುಗಳಿವೆ. ಇನ್ನೊಬ್ಬ ಕವಿಯ ಸಾಲನ್ನು ತನ್ನ ಕವಿತೆಯೊಳಗೆ ಕೂರಿಸುವುದಕ್ಕೆ ತಜ್ಮೀನ್ ಎನ್ನುತ್ತಾರೆ. ಒಬ್ಬರ ಎರಡು ಸಾಲಿನ ಶೇರ್‌ಗೆ ಮುಂದೆ ತನ್ನ ಮೂರು ಸಾಲು ಸೇರಿಸಿ ಐದು ಸಾಲಿನ ಬಂಧ ಕಟ್ಟುವುದು ಅದರ ಪ್ರಸಿದ್ಧ ರೂಪ. 1924ರಲ್ಲಿ ಪ್ರಕಟವಾದ ಇಕ್ಬಾಲರ 'ಬಾಂಗೆ ದರಾ' ಸಂಕಲನದಲ್ಲಿ ಪಾರ್ಸಿ ಕವಿಗಳ ಶೇರ್‌ಗಳ ಮೇಲೆ ಬರೆದ ಇಂಥ ಕವಿತೆಗಳಿವೆ. ತಲೆಬರಹದಲ್ಲೇ ಆ ಕವಿಯ ಹೆಸರು ಇರುತ್ತದೆ. ಯಾರೂ ಅದನ್ನು ಕಳ್ಳತನ ಎನ್ನಲಿಲ್ಲ. ಏಕೆಂದರೆ ಅಲ್ಲಿ ನೋಡುವುದು ಸಾಲು ಯಾರದೆಂದಲ್ಲ, ಆ ಸಾಲಿಗೆ ಹೊಸ ಕವಿ ಎಂಥ ಮನೆ ಕಟ್ಟಿಕೊಟ್ಟ ಎಂದು.

ಕವ್ವಾಲಿಯಲ್ಲಿ ಇದೇ ಕೆಲಸಕ್ಕೆ ಗಿರಹ್ ಹಾಕುವುದು ಎನ್ನುತ್ತಾರೆ. ಗಿರಹ್ ಎಂದರೆ ಗಂಟು. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರುಸಿಗೆ ಹೋಗಿ ರಾತ್ರಿಯ ಕವ್ವಾಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕವ್ವಾಲ ಒಂದು ಕಲಾಮನ್ನು ಹಾಡುತ್ತ ಹಾಡುತ್ತ ನಡುವೆ ನಿಲ್ಲಿಸುತ್ತಾನೆ. ಬೇರೊಬ್ಬ ಕವಿಯ ಪಾರ್ಸಿ ಶೇರನ್ನೋ ಒಂದು ದೋಹೆಯನ್ನೋ ಎತ್ತಿಕೊಳ್ಳುತ್ತಾನೆ. ಚಪ್ಪಾಳೆ ನಿಧಾನವಾಗುತ್ತದೆ. ಕೇಳುವವರಿಗೆ ದಾರಿ ತಪ್ಪಿತೇನೋ ಎನಿಸುವಷ್ಟರಲ್ಲಿ ಮತ್ತೆ ಮೊದಲಿನ ಸಾಲಿಗೆ ಬಂದು ಬೀಳುತ್ತಾನೆ. ಸಭೆ ಅಲ್ಲಿ 'ವಾಹ್' ಎನ್ನುತ್ತದೆ. ಯಾವ ಸಾಲಿಗೆ? ಹತ್ತು ಸಲ ಕೇಳಿದ ಅದೇ ಸಾಲಿಗೆ. ಅಕ್ಷರ ಬದಲಾಗಿಲ್ಲ, ರಾಗ ಬದಲಾಗಿಲ್ಲ. ಆದರೆ ಗಂಟು ಬಿದ್ದ ಮೇಲೆ ಆ ಸಾಲು ಹಿಂದಿನ ಸಾಲಾಗಿ ಉಳಿದಿಲ್ಲ.

ಹಳೆಯ ಹಾಡನ್ನು ಬಳಸುವ ಯಾವುದೇ ಹೊಸ ಹಾಡನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ. ಹೊಸ ಹಾಡು ಕೇಳಿದ ಮೇಲೆ ಹಳೆಯ ಹಾಡಿಗೆ ಮರಳಿ ಹೋಗಿ ನೋಡಬೇಕು. ಅದು ಮೊದಲಿನಂತೆಯೇ ಇದ್ದರೆ ಗಂಟು ಬಿದ್ದಿಲ್ಲ, ಹಗ್ಗ ಮಾತ್ರ ಸುತ್ತಿದ್ದಾರೆ. ಅದು ಬದಲಾಗಿದ್ದರೆ, ಹಿಂದೆ ಕೇಳಿಸದೆ ಇದ್ದದ್ದು ಈಗ ಕೇಳಿಸಿದರೆ, ಅಲ್ಲಿ ನಿಜವಾದ ಗಂಟಿದೆ. ಅರ್ಥ ಬೆಳೆಯುವುದು ಎರಡೂ ದಿಕ್ಕಿಗೆ.

ರಾಗಕ್ಕೆ ನೆನಪಿರುತ್ತದೆ

ಹಳೆಯ ರಾಗ ಖಾಲಿ ಪಾತ್ರೆಯಲ್ಲ ಎಂಬುದನ್ನು ನಮ್ಮ ಊರುಗಳವರು ಸಂಗೀತ ಶಾಸ್ತ್ರ ಓದದೆಯೇ ಬಲ್ಲರು. ಮೀಲಾದ್ ಜಲ್ಸಾಗಳಲ್ಲಿ ಹುಡುಗರು ಸಿನಿಮಾ ರಾಗಕ್ಕೆ ನಾತ್ ಹಾಡಿದರೆ ಹಿರಿಯರು ಆಕ್ಷೇಪಿಸುತ್ತಾರೆ. ಹುಡುಗರ ವಾದ ಸರಳ: ಮಾತುಗಳೆಲ್ಲ ಪವಿತ್ರವೇ ಆಗಿರುವಾಗ ರಾಗ ಯಾವುದಾದರೇನು? ಹಿರಿಯರ ಉತ್ತರವೂ ಸರಳ: ಕಿವಿಗೆ ನಾತ್ ಬೀಳುತ್ತಿದ್ದರೂ ಕಣ್ಣಿಗೆ ನಾಯಕಿ ಕುಣಿದಂತಾಗುತ್ತದೆ. ಈ ತಕರಾರು ನಮಗೆ ಮಾತ್ರ ಸೇರಿದ್ದಲ್ಲ. ಗಣೇಶನ ಪೆಂಡಾಲಿನಲ್ಲಿ, ಅಯ್ಯಪ್ಪ ಭಜನೆಯಲ್ಲಿ ಸಿನಿಮಾ ಮಟ್ಟು ಕೇಳಿ ಮುಖ ಸಿಂಡರಿಸುವ ಹಿರಿಯರೂ ಇದನ್ನೇ ಹೇಳುತ್ತಾರೆ. ಆಕ್ಷೇಪ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಅದರೊಳಗೊಂದು ವಿಮರ್ಶೆಯ ಸತ್ಯವಿದೆ. ರಾಗ ತನ್ನ ಹಳೆಯ ಮಾತನ್ನು ಮರೆಯುವುದಿಲ್ಲ. ಮಾತು ಬದಲಾಯಿಸಿದರೂ ಮೊದಲಿನ ಮಾತು ಕೆಳಗೆ ಸಣ್ಣಗೆ ನುಡಿಯುತ್ತಲೇ ಇರುತ್ತದೆ.

ಈ ನುಡಿಯುವಿಕೆಯನ್ನು ಕೇಳಿಸಿಕೊಂಡು ಬಳಸುವವನು ಕಲಾವಿದ. ಅದು ಕೇಳಿಸದೆ ಬಳಸುವವನು ವ್ಯಾಪಾರಿ. ಕನ್ನಡದ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಕಾಣುತ್ತದೆ.

ಬೀಳದ ಬೊಂಬೆ

2017ರ ಮಾರ್ಚಿನಲ್ಲಿ ಬಿಡುಗಡೆಯಾದ 'ರಾಜಕುಮಾರ' ಚಿತ್ರದ 'ಬೊಂಬೆ ಹೇಳುತೈತೆ' ಹಾಡು ಓದುಗರಿಗೆ ಗೊತ್ತೇ ಇರುತ್ತದೆ. ಬರೆದವರು ಚಿತ್ರದ ನಿರ್ದೇಶಕ ಸಂತೋಷ್ ಆನಂದ್‌ರಾಮ್, ಸಂಗೀತ ವಿ. ಹರಿಕೃಷ್ಣ, ಹಾಡಿದವರು ವಿಜಯ್ ಪ್ರಕಾಶ್. ತೆರೆಯ ಮೇಲೆ ಪುನೀತ್ ರಾಜ್‌ಕುಮಾರ್. ಕಟ್ಟುನಿಟ್ಟಾಗಿ ನೋಡಿದರೆ ಇದನ್ನು ಸ್ಯಾಂಪ್ಲಿಂಗ್ ಎನ್ನುವಂತಿಲ್ಲ. ಇದು ಧ್ವನಿಯ ಚೂರಿಗಿಂತ ಹೆಚ್ಚಾಗಿ ಹಳೆಯ ಹಾಡಿನ ಬೊಂಬೆಯನ್ನೇ ಎತ್ತಿಕೊಂಡಿದೆ. ಉರ್ದುವಿನವರು ಕೇಳಿದರೆ ಇದನ್ನು ತಜ್ಮೀನ್ ಎಂದಾರು.

ಆ ಬೊಂಬೆ 1971ರ 'ಕಸ್ತೂರಿ ನಿವಾಸ'ದ್ದು. ದೊರೈ-ಭಗವಾನ್ ನಿರ್ದೇಶಿಸಿದ ಚಿತ್ರ. ಚಿ. ಉದಯಶಂಕರ್ ಬರೆದು, ಜಿ.ಕೆ. ವೆಂಕಟೇಶ್ ರಾಗ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿದ ಬೊಂಬೆಯ ಹಾಡಿನಲ್ಲಿ ರಾಜ್‌ಕುಮಾರ್ ಎದುರಿಗೆ ಒಂದು ಆಟದ ಬೊಂಬೆ ಇದೆ. ಎಷ್ಟು ಸಲ ಬಾಗಿಸಿದರೂ ಎದ್ದು ನಿಲ್ಲುವ ಬೊಂಬೆ. ನಾಯಕ ರವಿವರ್ಮ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕ, ಕೇಳಿದವರಿಗೆ ಇಲ್ಲ ಎನ್ನಲಾರದ ದಾನಿ. ಕೊಡುತ್ತ ಕೊಡುತ್ತ ಅವನ ಮನೆ ಬರಿದಾಗುತ್ತದೆ. ಚಿತ್ರದ ಕೊನೆಯಲ್ಲಿ ಆ ಬೊಂಬೆ ಹಾಡು ದುಃಖದಲ್ಲಿ ಮರಳಿ ಬರುತ್ತದೆ. ಅಂದರೆ ಆ ಹಾಡು ಹುಟ್ಟುವಾಗಲೇ ಎರಡು ಭಾಗವಾಗಿ ಹುಟ್ಟಿತು. ಮೊದಲ ಭಾಗದಲ್ಲಿ ಬೊಂಬೆ ಬೀಳದು ಎಂಬ ಧೈರ್ಯ. ಎರಡನೆಯ ಭಾಗದಲ್ಲಿ ಆಡಿಸುವ ಕೈಯೇ ಆಟ ನಿಲ್ಲಿಸಿದರೆ ಬೊಂಬೆ ಏನು ಮಾಡೀತು ಎಂಬ ದುಃಖ.

ಕಸ್ತೂರಿ ನಿವಾಸದ ಕೊನೆಯ ಸನ್ನಿವೇಶವನ್ನು ಕನ್ನಡಿಗರು ಮರೆತಿಲ್ಲ. ಮನೆಗೆ ಬಂದವಳಿಗೆ ಊಟಕ್ಕಿಡಲು ಏನೂ ಇಲ್ಲದೆ ತಾನು ಪ್ರೀತಿಯಿಂದ ಸಾಕಿದ ಪಾರಿವಾಳವನ್ನೇ ಬಡಿಸಿದ ಮೇಲೆ, ಅವಳು ಬಂದದ್ದೇ ಆ ಪಾರಿವಾಳವನ್ನು ಕೇಳಲು ಎಂದು ರವಿವರ್ಮನಿಗೆ ತಿಳಿಯುತ್ತದೆ. ಉರ್ದು ಶಾಲೆಯಲ್ಲಿ ಓದಿದವರಿಗೆ ಈ ಕಥೆ ಹೊಸದಲ್ಲ. ಹಾತಿಮ್ ತಾಯಿಯ ಕುದುರೆಯ ಕಥೆ ಇದು. 1257ರಲ್ಲಿ ಸಾದಿ ಬರೆದ 'ಬೂಸ್ತಾನ್'ನಲ್ಲಿ ರೂಮಿನ ಸುಲ್ತಾನನ ದೂತರು ಹಾತಿಮನ ಹೆಸರಾಂತ ಕುದುರೆಯನ್ನು ಕೇಳಲು ಬರುತ್ತಾರೆ. ಹಿಂದಿನ ರಾತ್ರಿ ಮಳೆಯಲ್ಲಿ ನೆನೆದು ಬಂದ ಅವರಿಗೇ ಹಾತಿಮ್ ಆ ಕುದುರೆಯನ್ನು ಕಡಿದು ಬಡಿಸಿರುತ್ತಾನೆ. 14ನೆಯ ಶತಮಾನದ ಇಟಲಿಯಲ್ಲಿ ಬೊಕಾಚಿಯೋ ಇದೇ ಬಗೆಯ ಕಥೆಯನ್ನು ಸಾಕಿದ ಗಿಡುಗವೊಂದರ ಸುತ್ತ ಹೆಣೆದ. ಯಾರಿಂದ ಯಾರು ಪಡೆದರು ಎಂಬ ಲೆಕ್ಕ ಇಲ್ಲಿ ಮುಖ್ಯವಲ್ಲ. ಕುದುರೆ, ಗಿಡುಗ, ಪಾರಿವಾಳ ಎಂದು ಪ್ರಾಣಿ ಬದಲಾಗುತ್ತ ಹೋದರೂ ಕೊಡುವವನ ಸಂಕಟ ಒಂದೇ. ನಾವು 'ಮೂಲ' ಎಂದುಕೊಳ್ಳುವ ಹಳೆಯ ಕೃತಿಯ ಕೆಳಗೂ ಇನ್ನೊಂದು ಹಳೆಯ ಕೃತಿ ಇರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಈಗ ಹೊಸ ಹಾಡಿಗೆ ಬರೋಣ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ಹನ್ನೊಂದು ವರ್ಷಗಳ ನಂತರ ಅವರ ಮಗ ತೆರೆಯ ಮೇಲೆ ಇದ್ದಾನೆ, ಅಪ್ಪನ ಬೊಂಬೆ ಅವನೊಡನೆ ಮಾತಾಡುತ್ತದೆ. 'ರಾಜಕುಮಾರ' ಎಂಬ ಪದ ಇಲ್ಲಿ ಮೂರು ಕೆಲಸ ಮಾಡುತ್ತದೆ. ಅದು ಚಿತ್ರದ ಹೆಸರು, ದೊರೆಮಗ ಎಂಬ ಅರ್ಥ, ಜೊತೆಗೆ ಇಲ್ಲದ ತಂದೆಯ ಹೆಸರು. ಕಸ್ತೂರಿ ನಿವಾಸ ನೋಡದ ಹುಡುಗನಿಗೆ ಇದೊಂದು ಇಂಪಾದ ಹಾಡು. ನೋಡಿದವರಿಗೆ ಇದು ತಂದೆ ಮಗನ ಸಂಭಾಷಣೆ. ಹಾಡಿನಲ್ಲಿ ಬರೆಯದೆ ಇರುವ ಈ ಸಂಭಾಷಣೆಯನ್ನು ಪೂರ್ತಿ ಮಾಡುವುದು ಕೇಳುಗನ ನೆನಪು.

ಆದರೂ 2017ರಲ್ಲಿ ಈ ಹಾಡಿನ ಮೇಲೆ ಒಂದು ಆಕ್ಷೇಪಕ್ಕೆ ಜಾಗವಿತ್ತು. ಹಳೆಯ ಬೊಂಬೆ ಕೊಟ್ಟು ಬರಿದಾದವನ ಬೊಂಬೆ. ಹೊಸ ಹಾಡು ಅದನ್ನು ಗೆದ್ದವನ ಕೈಗೆ ಕೊಟ್ಟಿತು. ಹಳೆಯ ಹಾಡಿನ ಎರಡು ಭಾಗಗಳಲ್ಲಿ ಅದು ಧೈರ್ಯದ ಭಾಗವನ್ನಷ್ಟೇ ತೆಗೆದುಕೊಂಡು ದುಃಖದ ಭಾಗವನ್ನು ಬಿಟ್ಟಿತು. ತಾರೆಯ ಮನೆತನವನ್ನು ಹೊಗಳುವ ಉತ್ಸಾಹ ಅದರಲ್ಲಿ ಇರಲಿಲ್ಲ ಎನ್ನಲಾಗದು.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಪುನೀತ್ ತೀರಿಕೊಂಡರು. ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ತಂದೆ ತಾಯಿಯ ಸಮಾಧಿಗಳ ಬಳಿಯಲ್ಲೇ ಅವರನ್ನು ಮಣ್ಣು ಮಾಡಿದರು. ಆ ದಿನಗಳಲ್ಲಿ ಊರೂರಿನ ಸರ್ಕಲ್ಲುಗಳಲ್ಲಿ ಹೂವಿನ ಹಾರ ಹಾಕಿದ ಫೋಟೋಗಳ ಮುಂದೆ ಕೇಳಿಬಂದದ್ದು ಈ ಬೊಂಬೆ ಹಾಡೇ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೆ ನಾಲ್ಕು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ದುಃಖದ ಭಾಗ ತಾನಾಗಿಯೇ ಬಂದು ಸೇರಿಕೊಂಡಿತ್ತು. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರಿಗೂ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿ ತುಂಬುವವರಿಗೂ ಅದು ಚರಮಗೀತೆಯಾಗಿ ಕೇಳಿಸುವಂತಾಯಿತು.

ಇದು ಹಾಡು ಬರೆದವರ ಯೋಜನೆಯಲ್ಲ, ಯಾರೂ ಬಯಸದ ಸಾವಿನಿಂದ ಆದದ್ದು. ನಿಜ. ಆದರೆ ಹಳೆಯ ಹಾಡು ಕೆಳಗೆ ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ನಾಯಕರನ್ನು ಹೊಗಳುವ ಹಾಡುಗಳು ನೂರಾರು ಇವೆ. ನಾಯಕ ಹೋದ ಮೇಲೆ ಅವನ್ನು ಕೇಳಲಾಗುವುದಿಲ್ಲ. ಈ ಹಾಡು ಸಾವನ್ನು ತಾಳಿಕೊಂಡಿತು. ಕಾರಣ, ಅದು ನಿಂತ ನೆಲದಲ್ಲಿ 1971ರಿಂದಲೂ ಒಂದು ಸಾವು ಇತ್ತು. ಈಗ ಅಳತೆಗೋಲು ಹಿಡಿದು ಹಳೆಯ ಹಾಡಿಗೆ ಮರಳಿದರೆ ಅದೂ ಬದಲಾಗಿದೆ. ರಾಜ್‌ಕುಮಾರ್ ಬೊಂಬೆಯನ್ನು ಆಡಿಸುತ್ತಿರುವಾಗ ಇಂದಿನ ಪ್ರೇಕ್ಷಕನಿಗೆ ತಂದೆಯ ಮುಂದಿರುವ ಆ ಬೊಂಬೆಯಲ್ಲಿ ಮಗನೂ ಕಾಣುತ್ತಾನೆ. 2014ರಲ್ಲಿ ಬಣ್ಣ ಹಚ್ಚಿ ಮರುಬಿಡುಗಡೆ ಮಾಡಿದಾಗಲೂ ಹೀಗೆ ಕಾಣುತ್ತಿರಲಿಲ್ಲ. ಗಂಟು ಬಿದ್ದಿದೆ ಎಂದರೆ ಇದು.

ಜೋಕೆ

ಎರಡನೆಯ ಹಾಡು ನಮ್ಮ ಜಿಲ್ಲೆಯ ಚಿನ್ನದ ಗಣಿಯ ಹೆಸರು ಹೊತ್ತು ಬಂದ ಚಿತ್ರದ್ದು. 2018ರ ಡಿಸೆಂಬರಿನಲ್ಲಿ ತೆರೆಕಂಡ 'ಕೆ.ಜಿ.ಎಫ್.' ಮೊದಲ ಭಾಗದಲ್ಲಿ 'ಜೋಕೆ' ಎಂಬ ಕುಣಿತದ ಹಾಡಿದೆ. ಅದರ ಮೂಲ 1970ರ 'ಪರೋಪಕಾರಿ' ಚಿತ್ರದಲ್ಲಿ ಉಪೇಂದ್ರಕುಮಾರ್ ಸಂಗೀತಕ್ಕೆ ಎಲ್.ಆರ್. ಈಶ್ವರಿ ಹಾಡಿದ ಹಾಡು. ಈಶ್ವರಿಯವರ ಕಂಠದ ವಿಶೇಷವೆಂದರೆ ಅದರಲ್ಲಿ ಕರೆಯೂ ಎಚ್ಚರಿಕೆಯೂ ಒಟ್ಟಿಗಿರುತ್ತಿದ್ದವು. ಹತ್ತಿರ ಬಾ ಎನ್ನುವ ದನಿಯೇ ಮುಟ್ಟಿದರೆ ಜೋಕೆ ಎಂದೂ ಹೇಳುತ್ತಿತ್ತು.

ಹೊಸ ಹಾಡು ಪಲ್ಲವಿಯ ಸೆಳೆತವನ್ನು ಉಳಿಸಿಕೊಂಡು ತಾಳವನ್ನು ಭಾರ ಮಾಡಿತು. ಕಥೆ ಹಿಂದಿನ ಕಾಲದ್ದಾದ್ದರಿಂದ ಆ ಕಾಲದ ವಾಸನೆ ತರಲು ಹಾಡು ಸಹಾಯ ಮಾಡಿತು ಎನ್ನಬಹುದು. ಅಷ್ಟು ಸಲ್ಲಬೇಕು. ಆದರೆ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ ಎಂಬುದಕ್ಕೆ ಚಿತ್ರದವರೇ ಸಾಕ್ಷಿ ಒದಗಿಸಿದ್ದಾರೆ. ಇದೇ ಚಿತ್ರದ ಹಿಂದಿ ಆವೃತ್ತಿಯಲ್ಲಿ 'ಜೋಕೆ' ಇಲ್ಲ. ಅಲ್ಲಿ 1989ರ 'ತ್ರಿದೇವ್' ಚಿತ್ರದ 'ಗಲಿ ಗಲಿ' ಹಾಡಿನ ಹೊಸ ರೂಪವಿದೆ. ಕನ್ನಡದ ಪ್ರೇಕ್ಷಕನಿಗೆ ಒಂದು ಹಳೆಯ ಹಾಡು, ಹಿಂದಿ ಪ್ರೇಕ್ಷಕನಿಗೆ ಇನ್ನೊಂದು. ಹಳೆಯ ಹಾಡಿನ ಅರ್ಥವೇ ಬೇಕಾಗಿದ್ದರೆ ಹೀಗೆ ಬದಲಾಯಿಸಲು ಆಗುತ್ತಿರಲಿಲ್ಲ. ಬೊಂಬೆ ಹಾಡಿನಿಂದ ಕಸ್ತೂರಿ ನಿವಾಸವನ್ನು ತೆಗೆದು ಬೇರೆ ಚಿತ್ರದ ಬೊಂಬೆ ಇಡಿ ನೋಡೋಣ, ಹಾಡು ಕುಸಿದು ಬೀಳುತ್ತದೆ. ಇಲ್ಲಿ ಬೇಕಾಗಿದ್ದದ್ದು ಪರಿಚಯದ ಸುಖ ಮಾತ್ರ. ಗುರುತು ಸಿಕ್ಕಿತು ಎಂದು ಕೇಳುಗ ತಲೆಯಾಡಿಸಿದರೆ ಕೆಲಸ ಮುಗಿಯಿತು.

ಇನ್ನೊಂದು ಮಾತು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 19ನೆಯ ಶತಮಾನದ ಕೊನೆಯಿಂದ ಅಲ್ಲಿ ನೆಲದೊಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತ ಕಾರ್ಮಿಕರು. ಗಣಿಯ ಹೆಸರಿನ ಚಿತ್ರವೊಂದು ಹಳೆಯ ಹಾಡನ್ನು ಹುಡುಕುವಾಗ ಆ ಕಾರ್ಮಿಕರ ಲೈನ್ ಮನೆಗಳ ಕಡೆ ಕಿವಿ ಕೊಟ್ಟಿದ್ದರೆ ಎಂಥ ಗಂಟು ಬೀಳಬಹುದಿತ್ತು ಎಂದು ಕೋಲಾರದವನಿಗೆ ಅನಿಸದೆ ಇರದು. ಚಿತ್ರ ಕಾಲ್ಪನಿಕ, ಅದಕ್ಕೆ ಆ ಹೊಣೆ ಇಲ್ಲ ಎನ್ನುವವರ ಮಾತನ್ನೂ ಒಪ್ಪೋಣ. ಆದರೂ ಯಾವ ಹಳೆಯದನ್ನು ನೆನೆಯುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬ ಆಯ್ಕೆಯಲ್ಲೇ ಹಾಡಿನ ಅರ್ಥದ ಅರ್ಧ ಭಾಗ ಇರುತ್ತದೆ.

ಕೇಳುಗನೇ ಹಾಕುವ ಗಂಟು

ಕೆಲವೊಮ್ಮೆ ಹಾಡು ಮಾಡಿದವರಿಗೆ ಹೊಳೆಯದ ಗಂಟು ಕೇಳುಗನಿಗೆ ಹೊಳೆಯುತ್ತದೆ. ಬ್ರಿಟ್ನಿ ಸ್ಪಿಯರ್ಸ್ ಹಾಡಿ ಲೋಕವೆಲ್ಲ ಕುಣಿದ 'ಟಾಕ್ಸಿಕ್' ಹಾಡು 2003ರ ಆಲ್ಬಮ್ಮಿನದು. ಅದರ ಚುರುಕಾದ ಪಿಟೀಲಿನ ತುಣುಕು 1981ರ 'ಏಕ್ ದೂಜೇ ಕೇ ಲಿಯೇ' ಚಿತ್ರದ್ದು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಸಂಗೀತ ನೀಡಿ, ಲತಾ ಮಂಗೇಶ್ಕರ್ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಗೀತೆಯಿಂದ ತೆಗೆದದ್ದು. ಹೊಸ ಹಾಡು ವಿಷದಂಥ ಪ್ರೀತಿಯ ಬಗ್ಗೆ. ಹಳೆಯ ಚಿತ್ರ ಭಾಷೆ ಬೇರೆಯಾದ ಹುಡುಗ ಹುಡುಗಿಯ ಪ್ರೀತಿ ಸಾವಿನಲ್ಲಿ ಮುಗಿಯುವ ಕಥೆ. ದೂರದ ದೇಶದ ಕೇಳುಗನಿಗೆ ಆ ಪಿಟೀಲು ಬರೀ ಒಗ್ಗರಣೆ. ಆದರೆ ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಗಡಿ ದಾಟಿದರೆ ತಮಿಳು ಎಂದು ಬದುಕುವ ನಮ್ಮ ಗಡಿ ತಾಲ್ಲೂಕುಗಳವರು ಆ ಚಿತ್ರ ನೋಡಿ ಅತ್ತವರು. ನಮ್ಮ ಕಿವಿಗೆ ಅದೇ ಪಿಟೀಲು ಮುನ್ಸೂಚನೆಯಂತೆ ಕೇಳಿಸುತ್ತದೆ. ನೆನಪುಳ್ಳವನಿಗೆ ಹಾಡು ದೊಡ್ಡದಾಗುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಕಾನ್ಯೆ ವೆಸ್ಟ್ ಅವರದು. 1930ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಇಬ್ಬರು ಕರಿಯ ಯುವಕರನ್ನು ಗುಂಪೊಂದು ಕೊಂದು ಮರಕ್ಕೆ ನೇತು ಹಾಕಿತು. ಅದರ ಫೋಟೋ ನೋಡಿ ಕಲಕಿಹೋದ ಏಬಲ್ ಮೀರೋಪೋಲ್ ಎಂಬ ಯಹೂದಿ ಶಾಲಾ ಶಿಕ್ಷಕ ಬರೆದ ಕವಿತೆಯೇ 'ಸ್ಟ್ರೇಂಜ್ ಫ್ರೂಟ್'. 1939ರಲ್ಲಿ ಬಿಲ್ಲಿ ಹಾಲಿಡೇ ಅದನ್ನು ಹಾಡಿದರು, 1965ರಲ್ಲಿ ನೀನಾ ಸಿಮೋನ್ ಹಾಡಿದರು. 2013ರಲ್ಲಿ ಕಾನ್ಯೆ ವೆಸ್ಟ್ ನೀನಾ ಸಿಮೋನ್ ಅವರ ದನಿಯ ತುಣುಕನ್ನು ಮುರಿದ ಸಂಬಂಧ, ಹಣ ಮತ್ತು ನಶೆಯ ಬಗೆಗಿನ ತಮ್ಮ ಹಾಡಿಗೆ ಜೋಡಿಸಿದರು. ಅಷ್ಟು ದೊಡ್ಡ ದುಃಖವನ್ನು ಇಷ್ಟು ಸಣ್ಣ ಜಗಳಕ್ಕೆ ಬಳಸುವುದೇ ಎಂದು ಹಲವರು ಕೆರಳಿದರು. ಅವರ ಕೋಪ ನ್ಯಾಯವಾದದ್ದು. ಆದರೆ ಆ ಹಾಡನ್ನು ಕೇಳುವಾಗ ಹಿಂದಿನಿಂದ ಬರುವ ನೀನಾ ದನಿ ಮುಂದಿನವನನ್ನು, ನಾವು ಅಷ್ಟು ಕಷ್ಟ ಉಂಡು ತಂದ ಸ್ವಾತಂತ್ರ್ಯದಲ್ಲಿ ನೀನು ಮಾಡುತ್ತಿರುವುದು ಇದೇ ಏನು ಎಂದು ಕೇಳಿದಂತಾಗುತ್ತದೆ. ಹಳೆಯ ಹಾಡು ಹೊಸ ಹಾಡನ್ನು ನಾಚಿಸುವುದೂ ಅರ್ಥ ಬೆಳೆಸುವ ಒಂದು ಬಗೆ.

ಹೆಸರಿನ ಸಾಲ

ನಮ್ಮ ಹಿಂದಿನವರು ಹಾಡಿನೊಳಗೇ ಹೆಸರನ್ನು ಕಟ್ಟಿಡುತ್ತಿದ್ದರು. ವಚನಕ್ಕೆ ಅಂಕಿತ, ಕೀರ್ತನೆಗೆ ಅಂಕಿತ, ಗಜಲಿನ ಕೊನೆಯ ಶೇರ್‌ನಲ್ಲಿ ಕವಿಯ ತಖಲ್ಲುಸ್. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಬೃಂದಾವನವಿರುವ ಶ್ರೀಪಾದರಾಜರು 15ನೆಯ ಶತಮಾನದಲ್ಲೇ ಕನ್ನಡದ ಕೀರ್ತನೆಗಳಿಗೆ ರಂಗವಿಠಲ ಎಂಬ ಅಂಕಿತ ಕೊಟ್ಟರು. 19ನೆಯ ಶತಮಾನದ ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ತಲುಪಿಸಿದರು. 2008ರಲ್ಲಿ ರಘು ದೀಕ್ಷಿತ್ ಅವರ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದ ಗಿಟಾರಿನೊಂದಿಗೆ ಬಂತು. ವಾದ್ಯ ಎಷ್ಟೇ ಬದಲಾಗಲಿ, ಶಿಶುನಾಳಧೀಶನ ಅಂಕಿತ ಹಾಡಿನೊಳಗೇ ಇರುವುದರಿಂದ ಸಾಲ ಯಾರದೆಂದು ಮುಚ್ಚಿಡಲು ಆಗುವುದಿಲ್ಲ.

ಸಿನಿಮಾ ಹಾಡಿಗೆ ಈ ರಕ್ಷೆ ಇಲ್ಲ. 2002ರಲ್ಲಿ ಅಮೆರಿಕದ 'ಅಡಿಕ್ಟಿವ್' ಎಂಬ ಹಾಡು 1981ರ 'ಜ್ಯೋತಿ' ಚಿತ್ರದ ಲತಾ ದನಿಯನ್ನು ಹೆಸರು ಹೇಳದೆ ಬಳಸಿದಾಗ, ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತಮ್ಮ ಹೆಸರಿಗಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಮ್ಮ ದೇಶದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಗೀತೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಹಕ್ಕು ಗಟ್ಟಿಯಾಯಿತು. ಆದರೆ ಚಿ. ಉದಯಶಂಕರ್ ಮತ್ತು ಜಿ.ಕೆ. ವೆಂಕಟೇಶ್ ಇಬ್ಬರೂ 1993ರಲ್ಲೇ ತೀರಿಕೊಂಡಿದ್ದರು. ಕಾನೂನು ಹಣ ಕೊಡಿಸಬಲ್ಲದು. ಹೆಸರು ನೆನಪಿಡುವ ಕೆಲಸ ನಮ್ಮದೇ.

ಈ ನೆನಪು ಯಾಕಷ್ಟು ಮುಖ್ಯ ಎಂಬುದಕ್ಕೆ ಕೊನೆಯದಾಗಿ ಒಂದು ಕಹಿ ಮಾತನ್ನೂ ಹೇಳಬೇಕು. ಎಲ್ಲರೂ ಕೂಡಿ ಕೇಳುತ್ತಿದ್ದ ಹಳೆಯ ರಾಗಗಳಿಗೆ ನೆರೆಯವನನ್ನು ಕೆಣಕುವ ಮಾತು ಹೊಂದಿಸಿ ಮೆರವಣಿಗೆಯ ಡಿ.ಜೆ. ಗಾಡಿಗಳಲ್ಲಿ ನುಡಿಸುವ ಚಾಳಿ ಈಚಿನ ವರ್ಷಗಳಲ್ಲಿ ದೇಶದ ಹಲವು ಕಡೆ ಬೆಳೆದಿದೆ. ಪ್ರಾರ್ಥನೆಯ ಮನೆಯ ಮುಂದೆ ಬಂದಾಗ ದನಿ ಏರುತ್ತದೆ. ಯಾವ ಬಣ್ಣದ ಬಾವುಟದವರು ಮಾಡಿದರೂ ಇದು ತಪ್ಪೇ. ಇದೂ ಹಳೆಯ ರಾಗದ ಬಳಕೆಯೇ, ಇಲ್ಲೂ ಕೇಳುಗನ ನೆನಪಿನ ಮೇಲೆಯೇ ಕೆಲಸ ನಡೆಯುತ್ತದೆ. ವ್ಯತ್ಯಾಸ ಇಷ್ಟೇ: ಕವ್ವಾಲನ ಗಂಟು ಇಬ್ಬರನ್ನು ಕೂಡಿಸುತ್ತದೆ, ಈ ಗಂಟು ಒಬ್ಬನ ಕುತ್ತಿಗೆಗೆ ಬೀಳುತ್ತದೆ. ಅಂಥ ಹಾಡು ಕೇಳಿದ ಮೇಲೆ ಹಳೆಯ ಹಾಡಿಗೆ ಮರಳಲು ಮನಸ್ಸಾಗುವುದಿಲ್ಲ. ನಮ್ಮದೂ ಆಗಿದ್ದ ಒಂದು ರಾಗವನ್ನು ನಮ್ಮಿಂದ ಕಿತ್ತುಕೊಂಡಂತಾಗುತ್ತದೆ.

ಅದಕ್ಕೆ ಉತ್ತರ ಇನ್ನೂ ಜೋರಾದ ಡಿ.ಜೆ. ಅಲ್ಲ. ಆ ಹಾಡುಗಳು ಯಾರು ಬರೆದದ್ದು, ಯಾರು ರಾಗ ಹಾಕಿದ್ದು, ಯಾರು ಹಾಡಿದ್ದು, ಯಾವ ಸಂದರ್ಭಕ್ಕೆ ಹಾಡಿದ್ದು ಎಂಬುದನ್ನು ಮಕ್ಕಳಿಗೆ ತಿಳಿಸುವುದು. ಕೋಲಾರದಿಂದ ಶ್ರೀನಿವಾಸಪುರದವರೆಗೆ ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಇಂಥ ಹೊಸ ಹಾಡುಗಳಿಗೆ ಕುಣಿಯುತ್ತಾರೆ. ಕುಣಿಯಲಿ. ಕುಣಿಯುವ ಮೊದಲು ನಿರೂಪಣೆ ಮಾಡುವ ಮಗು ಮೈಕಿನ ಮುಂದೆ ಆ ಹಾಡಿನ ಹಿಂದಿರುವ ಹಳೆಯ ಹಾಡಿನ ಹೆಸರು, ಅದರ ವರ್ಷ, ಅದನ್ನು ಕಟ್ಟಿದವರ ಹೆಸರು ಹೇಳಲಿ. ಹಳೆಯ ಹಾಡಿನ ಪುಸ್ತಕಗಳಲ್ಲಿ ನೆತ್ತಿಯ ಮೇಲೆ ಮಟ್ಟು ಎಂದು ಬರೆಯುತ್ತಿದ್ದದ್ದೂ ಇದೇ ಕೆಲಸಕ್ಕೆ.